ಅಮೆರಿಕ ಸೈನ್ಯದಲ್ಲಿ ಕಡಿಮೆ ರೇಟಿಂಗ್ ಬಂದಾಗ: ಹೊಸನಗರದಿಂದ ಒಬ್ಬ ಮಾವನ ಮಾತು

ಡಿಸೆಂಬರ್ ತಿಂಗಳು, ಬೆಳಿಗ್ಗೆ ಏಳೂವರೆ. ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಿ ಜಗಲಿಗೆ ಬಂದು ಕೂತಿದ್ದೆ. ಟೆಕ್ಸಾಸ್‌ನಿಂದ ಅಳಿಯನ ಫೋನ್ ಬಂತು. ಅಲ್ಲಿ ಆಗಿನ್ನೂ ಹಿಂದಿನ ದಿನದ ರಾತ್ರಿ ಎಂಟು. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ದಣಪೆ (ಬೇಲಿಯ ಗಳದ ಬಾಗಿಲು) ಹತ್ತಿರ ಮಾತ್ರ. ಅಲ್ಲಿಗೆ ಓಡಿದೆ.

"ಮಾವ, ನಂಗೆ ಅನ್ಯಾಯ ಆಗಿದೆ. ರಿಪೋರ್ಟ್‌ನಲ್ಲಿ ಕಡಿಮೆ ಕೊಟ್ಟಿದಾರೆ. ಸಹಿ ಹಾಕಲ್ಲ ಅಂದೆ."

"ಅಯ್ಯೋ ಮಾರಾಯ, ಮೊದಲು ಸಹಿ ಹಾಕು" ಅಂದೆ.

ಅವನು ಅಲ್ಲಿ ಸ್ಟಾಫ್ ಸಾರ್ಜೆಂಟ್. ನಾನು ಅದೇ ಸೈನ್ಯದಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಸಾರ್ಜೆಂಟ್ ಫಸ್ಟ್ ಕ್ಲಾಸ್ ಆಗಿ ನಿವೃತ್ತನಾಗಿ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಗ್ರೀನ್ ಕಾರ್ಡ್ ಇಟ್ಟುಕೊಂಡು ಅಮೆರಿಕ ಸೈನ್ಯ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರು ಈಚೆಗೆ ಹೀಗೆ ಫೋನ್ ಮಾಡುವುದು ಜಾಸ್ತಿಯಾಗಿದೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು. ನಾನು ಬಲ್ಲದ್ದು ಆರ್ಮಿ. ನೇವಿ, ಏರ್‌ಫೋರ್ಸ್, ಮರೀನ್‌ಗಳಲ್ಲಿ ಫಾರ್ಮಿನ ಹೆಸರು, ಮಂಡಳಿಯ ಹೆಸರು ಎಲ್ಲ ಬೇರೆ. ಅಲ್ಲಿರುವವರು ತಮ್ಮ ನಿಯಮಪುಸ್ತಕ ತೆಗೆದು ನೋಡಿಕೊಳ್ಳಬೇಕು.

ಸಹಿಯ ವಿಷಯ ಮೊದಲು ಮುಗಿಸುತ್ತೇನೆ. ಊರಲ್ಲಿ ಪಂಚಾಯ್ತಿ ಕಾಗದಕ್ಕೆ ಸಹಿ ಹಾಕಿದರೆ ಒಪ್ಪಿಕೊಂಡ ಹಾಗೆ. ಅಲ್ಲಿ ಹಾಗಲ್ಲ. ಎನ್‌ಸಿಒಇಆರ್‌ಗೆ, ಅಂದರೆ ಸಾರ್ಜೆಂಟ್‌ಗಳ ಕೆಲಸದ ಮೌಲ್ಯಮಾಪನ ವರದಿಗೆ, ನೀವು ಹಾಕುವ ಸಹಿಗೆ ಅರ್ಥ ಇಷ್ಟೇ: ನಾನು ಇದನ್ನು ನೋಡಿದ್ದೇನೆ, ಹೆಸರು, ಅವಧಿ, ರೇಟರ್ (ವರದಿ ಬರೆಯುವ ನೇರ ಮೇಲಿನವರು) ಯಾರು, ಕೌನ್ಸೆಲಿಂಗ್ (ಕೆಲಸದ ಬಗ್ಗೆ ಮೇಲಿನವರು ಕೂರಿಸಿಕೊಂಡು ಮಾತಾಡುವುದು) ತಾರೀಕು, ಎತ್ತರ ತೂಕ ಇಂಥವೆಲ್ಲ ಸರಿಯಾಗಿವೆ. ಮೌಲ್ಯಮಾಪನವನ್ನು ಒಪ್ಪಿದ್ದೇನೆ ಅಂತಲ್ಲ. ಸಹಿ ಹಾಕದಿದ್ದರೂ ವರದಿ ಮೇಲೆ ಹೋಗಿಯೇ ಹೋಗುತ್ತದೆ. ಸುಮ್ನೆ ಹಟಮಾರಿ ಅನ್ನುವ ಹೆಸರೊಂದು ಉಳಿಯುತ್ತದೆ. ಆದರೆ ಮೇಲೆ ಹೇಳಿದ ವಿವರಗಳಲ್ಲಿ ಏನಾದರೂ ತಪ್ಪಿದ್ದರೆ ಸಹಿಗೆ ಮುಂಚೆಯೇ ಹೇಳಿ. ಆಗ ತಿದ್ದುವುದು ಹತ್ತು ನಿಮಿಷದ ಕೆಲಸ. ಆಮೇಲೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಪ್ರೈವೇಟ್‌ನಿಂದ ಸ್ಪೆಷಲಿಸ್ಟ್‌ವರೆಗಿನವರಿಗೆ ಈ ವರದಿಯೇ ಇಲ್ಲ. ಅವರಿಗೆ ಬರುವುದು ಡಿಎ ಫಾರ್ಮ್ 4856ರ ಕೌನ್ಸೆಲಿಂಗ್. ಸಾರ್ಜೆಂಟ್‌ನಿಂದ ಮೇಲೆ 2166-9 ಸರಣಿಯ ಎನ್‌ಸಿಒಇಆರ್, ಅಧಿಕಾರಿಗಳಿಗೆ ಅಂಥದ್ದೇ ವರದಿ, 67-10 ಸರಣಿಯ ಒಇಆರ್. ಇವೆಲ್ಲಕ್ಕೂ ಆಧಾರ ಎಆರ್ 623-3 ಅನ್ನುವ ನಿಯಮಪುಸ್ತಕ. ಆಗಾಗ ತಿದ್ದುಪಡಿ ಆಗುತ್ತದೆ, ಈಗಿನದ್ದನ್ನೇ ಇಳಿಸಿಕೊಳ್ಳಿ.

ಇನ್ನು, ನಿಮಗೆ ಬಂದದ್ದು ನಿಜಕ್ಕೂ ಕಡಿಮೆಯಾ? ಇದನ್ನು ಕೇಳಿದರೆ ಹುಡುಗರಿಗೆ ಸಿಟ್ಟು ಬರುತ್ತದೆ. ಆದರೂ ಕೇಳಲೇಬೇಕು. ಸೀನಿಯರ್ ರೇಟರ್, ಅಂದರೆ ರೇಟರ್‌ಗೂ ಮೇಲಿನವರು, ಗುರುತು ಹಾಕುವ ಖಾನೆ ನಾಲ್ಕು: ಮೋಸ್ಟ್ ಕ್ವಾಲಿಫೈಡ್, ಹೈಲಿ ಕ್ವಾಲಿಫೈಡ್, ಕ್ವಾಲಿಫೈಡ್, ನಾಟ್ ಕ್ವಾಲಿಫೈಡ್. ನಮ್ಮ ಶಿವಮೊಗ್ಗ ಮಂಡಿಯ ಭಾಷೆಯಲ್ಲಿ ಹೇಳುವುದಾದರೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂದುಕೊಳ್ಳಿ. ಒಂದೇ ವ್ಯತ್ಯಾಸ. ಮಂಡಿಯಲ್ಲಿ ಎಲ್ಲರ ಅಡಿಕೆಯೂ ಚೆನ್ನಾಗಿದ್ದರೆ ಎಲ್ಲವೂ ಸರಕೇ. ಅಲ್ಲಿ ಸ್ಟಾಫ್ ಸಾರ್ಜೆಂಟ್ ಮತ್ತು ಮೇಲಿನವರ ವಿಷಯದಲ್ಲಿ ಸೀನಿಯರ್ ರೇಟರ್ ಮೊದಲನೇ ಖಾನೆಯನ್ನು ಶೇಕಡಾ 24ಕ್ಕಿಂತ ಜಾಸ್ತಿ ಜನರಿಗೆ ಕೊಡುವ ಹಾಗಿಲ್ಲ. ಅಧಿಕಾರಿಗಳಿಗಾದರೆ ಅರ್ಧಕ್ಕಿಂತ ಕಡಿಮೆ ಜನರಿಗೆ. ಹಾಗಾಗಿ ಒಳ್ಳೆ ಕೆಲಸಗಾರನಿಗೂ ಹೈಲಿ ಕ್ವಾಲಿಫೈಡ್ ಬರುವುದು ಮಾಮೂಲು. ಅದರ ಮೇಲೆ ಅಪೀಲ್ ಹೋಗುವುದು ನನ್ನ ಪ್ರಕಾರ ಕಾಲಹರಣ. "ನನಗಿಂತ ಅವನಿಗೆ ಜಾಸ್ತಿ ಕೊಟ್ಟರು" ಅನ್ನುವುದು ಅಲ್ಲಿ ವಾದವೇ ಅಲ್ಲ. ಬರೆದದ್ದು ಸುಳ್ಳಾಗಿದ್ದರೆ, ಬರೆಯಬಾರದ್ದನ್ನು ಬರೆದಿದ್ದರೆ, ಅಥವಾ ಬರೆಯುವ ಹಕ್ಕಿಲ್ಲದವರು ಬರೆದಿದ್ದರೆ ಆಗ ವಿಷಯ ಬೇರೆ.

ಬರೆಯುವ ಹಕ್ಕು ಅಂದೆನಲ್ಲ, ಅಳಿಯನ ಕಥೆ ಇಲ್ಲೇ ತಿರುಗಿದ್ದು. ಅವನು ಅರ್ಧ ಗಂಟೆ ಅವಮಾನ, ರಾಜಕೀಯ, ಪಕ್ಷಪಾತ ಎಲ್ಲ ಹೇಳಿದ. ನಾನು ಕೇಳಿದ್ದು ಒಂದೇ. "ನಿನ್ನ ಸೀನಿಯರ್ ರೇಟರ್ ಬಂದಿದ್ದು ಯಾವತ್ತು?"

"ಅಕ್ಟೋಬರ್ ನಾಲ್ಕು."

"ರಿಪೋರ್ಟ್ ಅವಧಿ ಮುಗಿದಿದ್ದು?"

"ನವೆಂಬರ್ ಹದಿನೈದು."

ದಣಪೆಯ ಗಳ ಹಿಡಿದುಕೊಂಡೇ ಬೆರಳಲ್ಲಿ ಎಣಿಸಿದೆ. ಅಕ್ಟೋಬರ್‌ನಲ್ಲಿ 28, ನವೆಂಬರ್‌ನಲ್ಲಿ 15. ಒಟ್ಟು 43 ದಿನ. ಸೀನಿಯರ್ ರೇಟರ್ ಆ ಸ್ಥಾನದಲ್ಲಿ ಕನಿಷ್ಠ 60 ದಿನ ಇದ್ದಿರಬೇಕು, ರೇಟರ್ ಕನಿಷ್ಠ 90 ದಿನ. ಅಷ್ಟು ದಿನ ಆಗದಿದ್ದರೆ ಸೀನಿಯರ್ ರೇಟರ್ ಖಾನೆ ತುಂಬುವ ಹಾಗೇ ಇಲ್ಲ, ದಿನ ಸಾಲದು ಅಂತ ಬರೆದು ಬಿಡಬೇಕು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಪಾಪ, ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ ಹುಡುಗ. ಎಣಿಸಿ ನೋಡಿರಲಿಲ್ಲ ಅಷ್ಟೇ.

ಆದ್ದರಿಂದ ಮೊದಲು ತಾರೀಕುಗಳನ್ನು ನೋಡಿ. ಘಟಕದಲ್ಲಿ ರೇಟಿಂಗ್ ಸ್ಕೀಮ್ ಅಂತ ಒಂದು ಪಟ್ಟಿ ಇರುತ್ತದೆ, ಯಾರಿಗೆ ಯಾರು ರೇಟರ್ ಅಂತ. ಅದರಲ್ಲಿರುವ ಹೆಸರೇ ವರದಿಯಲ್ಲೂ ಇದೆಯಾ ನೋಡಿ. ಇಂಥ ತಪ್ಪುಗಳನ್ನು ಆಡಳಿತಾತ್ಮಕ ತಪ್ಪು ಅನ್ನುತ್ತಾರೆ. ಸಾಬೀತು ಮಾಡುವುದು ಸುಲಭ, ಕಾಗದವೇ ಮಾತಾಡುತ್ತದೆ. ಆಮೇಲೆ ಬರೆಯಬಾರದ್ದೇನಾದರೂ ಇದೆಯಾ ನೋಡಿ. ಮುಗಿಯದ ತನಿಖೆಯ ಪ್ರಸ್ತಾಪ ವರದಿಯಲ್ಲಿ ಬರುವ ಹಾಗಿಲ್ಲ. ಜಾತಿ, ಮತ, ಮದುವೆ ಇಂಥದ್ದೂ ಇಲ್ಲ.

ಕೌನ್ಸೆಲಿಂಗ್ ಮಾಡಿಲ್ಲ ಅನ್ನುವ ದೂರು ತುಂಬಾ ಜನರದ್ದು. ಅವಧಿ ಶುರುವಾಗಿ 30 ದಿನದೊಳಗೆ ರೇಟರ್ ನಿಮ್ಮನ್ನು ಕೂರಿಸಿಕೊಂಡು ಮಾತಾಡಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ. ಮಾಡದೇ ಸುಳ್ಳು ತಾರೀಕು ತುಂಬಿದ್ದರೆ ಖಂಡಿತ ಹೇಳಿ. ಆದರೆ ಅದೊಂದನ್ನೇ ಹಿಡಿದುಕೊಂಡು ಹೋದರೆ ಗೆಲ್ಲುವುದಿಲ್ಲ. ನಿಯಮದಲ್ಲೇ ಹಾಗಿದೆ.

ತಪ್ಪು ಸಿಕ್ಕಿತು ಅನ್ನಿ. ರೇಟರ್ ಹತ್ತಿರ ಮಾತಾಡಿ ಆಗಲಿಲ್ಲ ಅಂದರೆ ಮುಂದಿನ ಬಾಗಿಲು ಕಮಾಂಡರ್ಸ್ ಇನ್‌ಕ್ವೈರಿ. ರೇಟಿಂಗ್ ಮಾಡಿದವರಿಗಿಂತ ಮೇಲಿನ ಕಮಾಂಡರ್‌ಗೆ ಬರೆದುಕೊಟ್ಟು, ಇಂಥಿಂಥದ್ದು ನಿಯಮಕ್ಕೆ ವಿರುದ್ಧ, ವಿಚಾರಿಸಿ ಅಂತ ಕೇಳುವುದು. ಆದರೆ ಕಮಾಂಡರ್ ಯಾರಿಗೂ 'ಇವನಿಗೆ ಜಾಸ್ತಿ ಕೊಡು' ಅಂತ ಹೇಳುವ ಹಾಗಿಲ್ಲ. ಸತ್ಯಾಂಶ ಏನು, ನಿಯಮ ಪಾಲನೆ ಆಗಿದೆಯಾ ಅಂತ ಮಾತ್ರ ನೋಡುತ್ತಾರೆ. ವರದಿ ಮೇಲೆ ಹೋಗುವ ಮುಂಚೆಯೂ ಕೇಳಬಹುದು, ಆಮೇಲೂ ಕೇಳಬಹುದು. ಮುಂಚೆ ಕೇಳಿದರೆ ಒಳ್ಳೆಯದು. ಅಳಿಯ ಹಿಡಿದದ್ದು ಈ ದಾರಿಯನ್ನೇ.

ಅದರಲ್ಲೂ ಆಗದಿದ್ದರೆ ಅಪೀಲ್. ಮೌಲ್ಯಮಾಪನವೇ ತಪ್ಪು ಅನ್ನುವ ಅಪೀಲನ್ನು ವರದಿಯ ಕೊನೆಯ ತಾರೀಕಿನಿಂದ 3 ವರ್ಷದೊಳಗೆ ಹಾಕಬೇಕು. ಆಡಳಿತಾತ್ಮಕ ತಪ್ಪಿಗೆ ಆ ಗಡುವಿಲ್ಲ. ಆಡಳಿತಾತ್ಮಕವನ್ನು ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿರುವ ಹ್ಯೂಮನ್ ರಿಸೋರ್ಸಸ್ ಕಮಾಂಡ್ ನೋಡುತ್ತದೆ, ಇನ್ನೊಂದು ಆರ್ಮಿ ಸ್ಪೆಷಲ್ ರಿವ್ಯೂ ಬೋರ್ಡ್‌ಗೆ ಹೋಗುತ್ತದೆ. ಮೂರು ವರ್ಷ ಇದೆ ಅಂತ ಮಲಗಬೇಡಿ. ಸಾಕ್ಷಿ ಹೇಳುವವರು ಅಷ್ಟರಲ್ಲಿ ಕೊರಿಯಾಕ್ಕೋ ಜರ್ಮನಿಗೋ ವರ್ಗವಾಗಿರುತ್ತಾರೆ.

ಇಲ್ಲಿ ನನ್ನದೇ ಕಥೆ ಹೇಳಬೇಕು. ನಾನು ಸ್ಟಾಫ್ ಸಾರ್ಜೆಂಟ್ ಆಗಿದ್ದಾಗ ಒಂದು ವರದಿಯಲ್ಲಿ ಹೀಗೊಂದು ಸಾಲಿತ್ತು: ಮಾರ್ಚ್ ತಿಂಗಳ ರೇಡಿಯೋ ಸೆಟ್‌ಗಳ ಲೆಕ್ಕದಲ್ಲಿ ನಾನು ಎಡವಿದೆ, ಒಂದು ಸೆಟ್ ಎರಡು ದಿನ ಸಿಗಲಿಲ್ಲ. ಓದಿ ಮೈ ಉರಿಯಿತು. ಮಾರ್ಚ್‌ನಲ್ಲಿ ನಾನು ಅಲ್ಲಿ ಇರಲೇ ಇಲ್ಲ! ಅಪ್ಪನ ವರ್ಷದ ತಿಥಿಗೆ ಊರಿಗೆ ಬಂದಿದ್ದೆ, 18 ದಿನ ರಜೆ. ಆ ಲೆಕ್ಕ ನಡೆದ ದಿನ ನಾನು ಇದೇ ಜಗಲಿಯಲ್ಲಿ ಬಾಳೆಎಲೆ ಒರೆಸುತ್ತಿದ್ದೆ.

ಮೊದಲು ಬರೆದದ್ದು ಒಂಬತ್ತು ಪುಟ. ನಾನೆಷ್ಟು ನಿಯತ್ತಿನವನು, ಹಿಂದಿನ ವರದಿಗಳು ಎಷ್ಟು ಚೆನ್ನಾಗಿದ್ದವು, ಯಾರು ಯಾರು ಹೊಗಳಿದ್ದರು ಅಂತ. ಲೀಗಲ್ ಅಸಿಸ್ಟೆನ್ಸ್ ಕಚೇರಿಯ ವಕೀಲೆ ಓದಿ ಪಕ್ಕಕ್ಕಿಟ್ಟರು. (ಈ ಕಚೇರಿಯಲ್ಲಿ ದುಡ್ಡು ತಗೊಳ್ಳುವುದಿಲ್ಲ. ಮೊದಲೇ ಹೋಗಿ.) "ಇದರಲ್ಲಿ ನೀನು ಒಳ್ಳೆಯವನು ಅಂತ ಗೊತ್ತಾಗುತ್ತದೆ, ಈ ವರದಿ ತಪ್ಪು ಅಂತ ಗೊತ್ತಾಗುವುದಿಲ್ಲ" ಅಂದರು. ಹಿಂದಿನ ವರ್ಷ ಚೆನ್ನಾಗಿದ್ದವನು ಈ ವರ್ಷವೂ ಚೆನ್ನಾಗಿಯೇ ಇದ್ದ ಅನ್ನಲು ಬೋರ್ಡ್‌ಗೆ ಕಾರಣವಿಲ್ಲ. ದಾಖಲೆಗೆ ಸೇರಿದ ವರದಿ ಸರಿ ಅಂತಲೇ ಅವರು ಶುರುಮಾಡುತ್ತಾರೆ. ತಪ್ಪು ಅಂತ ತೋರಿಸುವ ಹೊಣೆ ಪೂರ್ತಿ ನಮ್ಮದು.

ಮಂಡಿಯಲ್ಲಿ ನಿಮ್ಮ ರಾಶಿಯನ್ನು ಗೊರಬಲು ಅಂದರೆ ಏನು ಮಾಡುತ್ತೀರಿ? ತೋಟಕ್ಕೆ ಎಷ್ಟು ಗೊಬ್ಬರ ಹಾಕಿದೆ, ಕೊಳೆಗೆ ಎಷ್ಟು ಸಲ ಔಷಧಿ ಹೊಡೆಸಿದೆ ಅಂತ ಹೇಳುತ್ತೀರಾ? ಚೀಲಕ್ಕೆ ಕೈಹಾಕಿ ನಾಲ್ಕು ಅಡಿಕೆ ತೆಗೆದು ಒಡೆದು ತೋರಿಸುತ್ತೀರಿ, ಅಲ್ವಾ? ನನ್ನ ಹತ್ತಿರ ಒಡೆದು ತೋರಿಸುವಂಥದ್ದು ಎರಡಿತ್ತು. ಒಂದು, ರಜೆಯ ಡಿಎ ಫಾರ್ಮ್ 31, ಹೋದ ದಿನ ಬಂದ ದಿನ ಎರಡೂ ಇರುವಂಥದ್ದು. ಇನ್ನೊಂದು, ಆ ದಿನ ರೇಡಿಯೋ ಕೋಣೆಯ ಬೀಗದ ಕೈ ಇಟ್ಟುಕೊಂಡಿದ್ದ ಸಾರ್ಜೆಂಟ್ ಡಿಎ ಫಾರ್ಮ್ 2823ರಲ್ಲಿ ಪ್ರಮಾಣ ಮಾಡಿ ಬರೆದ ಹೇಳಿಕೆ. ಒಂಬತ್ತು ಪುಟ ಹೋಗಿ ಒಂದೂವರೆ ಪುಟ ಆಯಿತು.

ಸಾಕ್ಷಿ ಹೇಳಿಕೆ ಕೇಳುವಾಗ ಇದನ್ನು ನೆನಪಿಡಿ. ಆ ಅವಧಿಯಲ್ಲಿ, ಆ ಜಾಗದಲ್ಲಿ, ಕಣ್ಣಾರೆ ಕಂಡವರು ಬೇಕು. ಒಳ್ಳೆ ಹುಡುಗ ಅನ್ನುವ ಹತ್ತು ಪತ್ರಕ್ಕಿಂತ 'ಆ ದಿನ ಬೀಗದ ಕೈ ನನ್ನ ಹತ್ತಿರ ಇತ್ತು' ಅನ್ನುವ ಒಂದು ಸಾಲು ಮೇಲು. ನಿಮ್ಮ ಕೈಕೆಳಗಿನವರ ಹೊಗಳಿಕೆಗೆ ಅಷ್ಟು ತೂಕವಿಲ್ಲ. ಬರೆದ ರೇಟರೇ ಆಮೇಲೆ ಬಂದು 'ಆಗ ಸ್ವಲ್ಪ ಕಡಿಮೆ ಕೊಟ್ಟುಬಿಟ್ಟೆ' ಅಂದರೂ ನಡೆಯುವುದಿಲ್ಲ. ಮನಸ್ಸು ಬದಲಾದದ್ದು ಕಾರಣವಲ್ಲ. 'ಇಂಥ ಸಂಗತಿ ನನಗೆ ತಪ್ಪಾಗಿ ಗೊತ್ತಿತ್ತು' ಅಂದರೆ ಕೇಳುತ್ತಾರೆ.

ಫಲ ಏನಾಯಿತು ಅಂದರೆ, ತಿಂಗಳುಗಟ್ಟಲೆ ಕಾದ ಮೇಲೆ ಆ ಒಂದು ಸಾಲು ತೆಗೆದರು. ಖಾನೆಯ ಗುರುತು ಹಾಗೇ ಉಳಿಯಿತು. ಪೂರ್ತಿ ಗೆದ್ದೆ ಅಂತ ಹೇಳಲಾರೆ. ಆದರೆ ಸಾರ್ಜೆಂಟ್ ಫಸ್ಟ್ ಕ್ಲಾಸ್ ಆಯ್ಕೆಯ ಬೋರ್ಡ್ ನಮ್ಮ ಮುಖ ನೋಡುವುದಿಲ್ಲ, ಕಡತ ನೋಡುತ್ತದೆ. ಆ ಸಾಲು ಅಲ್ಲಿ ಇಲ್ಲದ್ದೇ ದೊಡ್ಡದು. ಆ ಬೋರ್ಡ್ ಆಯ್ಕೆ ಮಾಡದೆ ಬಿಟ್ಟ ಮೇಲೆ ಅಪೀಲ್ ಗೆದ್ದವರಿದ್ದರೆ, ಸ್ಟ್ಯಾಂಡ್‌ಬೈ ಬೋರ್ಡ್ ಮುಂದೆ ಮತ್ತೆ ಪರಿಶೀಲನೆಗೆ ಅವಕಾಶ ಉಂಟು, ಕೇಳಿ.

ಅಪೀಲೂ ಬಿದ್ದರೆ ಕೊನೆಯ ಮೆಟ್ಟಿಲು ಆರ್ಮಿ ಬೋರ್ಡ್ ಫಾರ್ ಕರೆಕ್ಷನ್ ಆಫ್ ಮಿಲಿಟರಿ ರೆಕಾರ್ಡ್ಸ್, ಅಂದರೆ ಸೈನಿಕರ ದಾಖಲೆ ತಿದ್ದುವ ಮಂಡಳಿ. ಡಿಡಿ ಫಾರ್ಮ್ 149ರಲ್ಲಿ ಅರ್ಜಿ, ತಪ್ಪು ಗೊತ್ತಾದ 3 ವರ್ಷದೊಳಗೆ. ಕೆಳಗಿನ ಮೆಟ್ಟಿಲು ಹತ್ತದೆ ನೇರ ಅಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ: ಅಲ್ಲಿನ ಸಂಸದರಿಗೆ ಬರೆಯಲಾ? ಇಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೂ ಶಾಸಕರ ಮನೆಗೆ ಹೋಗುವ ಅಭ್ಯಾಸ ನಮಗೆ. ಅಲ್ಲಿ ಕಾಂಗ್ರೆಸ್ ಸದಸ್ಯರಿಗೆ ಬರೆಯುವ ಹಕ್ಕು ಸೈನಿಕನಿಗೆ ಕಾನೂನಿನಲ್ಲೇ ಇದೆ. ಆದರೆ ಬರೀ ಕಡಿಮೆ ರೇಟಿಂಗ್‌ಗೆ ಬರೆದರೆ 'ಅಪೀಲ್ ದಾರಿ ಇದೆ, ಅದನ್ನು ಹಿಡಿಯಲಿ' ಅಂತ ಉತ್ತರ ಬರುವುದೇ ಹೆಚ್ಚು. ಸೈನ್ಯದೊಳಗೇ ದೂರು ವಿಚಾರಿಸುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೂ ಸಾಮಾನ್ಯವಾಗಿ ಅದನ್ನೇ ಹೇಳುತ್ತದೆ. ನೀವು ಏನೋ ಅಕ್ರಮ ಹೊರಗೆ ಹಾಕಿದ್ದಕ್ಕೆ ಸೇಡಿಗೆ ಕಡಿಮೆ ಕೊಟ್ಟಿದ್ದರೆ ಮಾತ್ರ ಅಲ್ಲಿಗೇ ಹೋಗಿ, ಗೊತ್ತಾದ ಒಂದು ವರ್ಷದೊಳಗೆ. ಬಣ್ಣ, ಧರ್ಮದ ಕಾರಣಕ್ಕಾದರೆ ಈಕ್ವಲ್ ಆಪರ್ಚುನಿಟಿ ಕಚೇರಿ. ಇವು ಅಪೀಲ್‌ಗೆ ಬದಲಿಯಲ್ಲ, ಪಕ್ಕದಲ್ಲೇ ನಡೆಯುವಂಥವು.

ಒಂದು ಮಾತು ಮಲೆನಾಡಿನವರಿಗೇ ಅಂತ. ನಮಗೆ ನಾನು ಮಾಡಿದೆ ಅಂತ ಹೇಳಿಕೊಳ್ಳಲು ನಾಚಿಕೆ. ಊಟಕ್ಕೆ ಕರೆದರೂ ಮೂರು ಸಲ 'ಬೇಡ, ಈಗ ಆಯ್ತು' ಅನ್ನುವ ಜನ. ಏನೇನು ಮಾಡಿದೆ ಅಂತ ನಾವೇ ಬರೆದುಕೊಡುವ ಸಪೋರ್ಟ್ ಫಾರ್ಮ್, ಅಂದರೆ 2166-9-1ಎ, ಕೊಟ್ಟರೆ ಎರಡು ಸಾಲು ಬರೆದು ವಾಪಸ್ ಕೊಡುತ್ತೇವೆ. ಅದು ತಪ್ಪು. ರೇಟರ್‌ಗೆ ನೆನಪಿರುವುದು ಕೊನೆಯ ಒಂದು ತಿಂಗಳು ಮಾತ್ರ. ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ, ಎಷ್ಟು ವಾಹನ ಕೆಡದೆ ಓಡಿದವು, ಅಂಕಿಯಲ್ಲಿ ಬರೆಯಿರಿ. ಪ್ರತಿ ತಿಂಗಳೂ ಬರೆದಿಡಿ. ಮೇಲ್‌ಗಳನ್ನು ಅಳಿಸಬೇಡಿ.

ಅಂದ ಹಾಗೆ, ಅಳಿಯನ ಕರಡು ಮೊನ್ನೆ ಬಂತು. ಎರಡು ಪುಟ, ಜೊತೆಗೆ ಸೀನಿಯರ್ ರೇಟರ್ ಅಧಿಕಾರ ವಹಿಸಿಕೊಂಡ ದಿನದ ಆದೇಶ. ಚೆನ್ನಾಗಿತ್ತು. ಒಂದು ಕಡೆ ಮಾತ್ರ 'ನನಗೆ ತುಂಬಾ ಅವಮಾನವಾಯಿತು' ಅಂತ ಇಂಗ್ಲಿಷಿನಲ್ಲಿ ಉಳಿದುಬಿಟ್ಟಿತ್ತು. ದಣಪೆ ಹತ್ತಿರ ಹೋಗಿ ಫೋನ್ ಮಾಡಿ ಅದನ್ನೂ ತೆಗೆಸಿದೆ. "ಅದನ್ನ ಅಮ್ಮನ ಹತ್ರ ಹೇಳು" ಅಂದೆ.