ಅವಳಿಗಳ ವಿರೋಧಾಭಾಸ: ಸೂತ್ರ ಬಿಟ್ಟು ಎಣಿಕೆ ಹಿಡಿದ ನನ್ನ ಅನುಭವ

ಕುಮಟಾ, ಅಂಕೋಲಾ ಕಡೆಯ ಶಾಲೆ, ವಾಚನಾಲಯಗಳಲ್ಲಿ ಸಾಪೇಕ್ಷತೆಯ (ಚಲಿಸುವವನ ಗಡಿಯಾರ ನಿಧಾನವಾಗಿ ಓಡುತ್ತದೆ ಎನ್ನುವ ಐನ್‌ಸ್ಟೈನರ ಸಿದ್ಧಾಂತದ) ಬಗ್ಗೆ ಮಾತನಾಡುವಾಗ ಅವಳಿಗಳ ಕತೆಯನ್ನು ನಾನು ಬಿಡುವುದಿಲ್ಲ. ಲವ ಭೂಮಿಯಲ್ಲೇ ಉಳಿಯುತ್ತಾನೆ. ಕುಶ ಬೆಳಕಿನ ವೇಗದ ಶೇ 60ರಷ್ಟು ವೇಗದಲ್ಲಿ 3 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ದೂರ ಹೋಗಿ, ಅದೇ ವೇಗದಲ್ಲಿ ಮರಳುತ್ತಾನೆ. ಅಷ್ಟರಲ್ಲಿ ಲವನಿಗೆ 10 ವರ್ಷ ಕಳೆದಿರುತ್ತದೆ, ಕುಶನಿಗೆ 8. ಇಷ್ಟನ್ನು ಜನ ಬೆರಗಿನಿಂದಲೇ ಒಪ್ಪುತ್ತಾರೆ. ತೊಡಕು ಶುರುವಾಗುವುದು ಆಮೇಲೆ. 'ಚಲನೆ ಸಾಪೇಕ್ಷ ಎಂದಿರಲ್ಲ, ಕುಶನ ಲೆಕ್ಕದಲ್ಲಿ ದೂರ ಸರಿದು ಮರಳಿದವನು ಲವ. ಹಾಗಾದರೆ ಲವನೇ ಚಿಕ್ಕವನಾಗಬೇಕಲ್ಲವೇ?'

ಈ ಪ್ರಶ್ನೆ ಎತ್ತುವವರ ಮೇಲೆ ನನಗೆ ಅಪಾರ ಗೌರವ. ಕತೆಯ ತಿರುಳೆಲ್ಲ ಇದರಲ್ಲೇ ಇದೆ. 'ತಿರುಗಿ ಬರುವಾಗ ಕುಶನಿಗೆ ವೇಗೋತ್ಕರ್ಷ ಇರುತ್ತದೆ' ಎಂದು ಹೇಳಿ ಮುಗಿಸುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಎರಡು ವರ್ಷ ಎಲ್ಲಿ ಹೋಯಿತೆಂಬುದು ಅದರಿಂದ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕೇಳುಗರ ಕೈಗೆ ಗ್ರಾಫ್ ಹಾಳೆ ಕೊಡುತ್ತೇನೆ.

ಮೇಲಕ್ಕೆ ವರ್ಷ, ಬಲಕ್ಕೆ ಜ್ಯೋತಿರ್ವರ್ಷ. ಲವನದು ನೇರ ಮೇಲೇರುವ ಹತ್ತು ಮನೆಯ ಗೆರೆ. ಕುಶನ ಗೆರೆ ಐದು ಮನೆ ಏರುವಷ್ಟರಲ್ಲಿ ಮೂರು ಮನೆ ಬಲಕ್ಕೆ ಸರಿದು, ಅಲ್ಲಿಂದ ಮುರಿದು ಲವನ ಕಡೆಗೆ ಬರುತ್ತದೆ. ಇಬ್ಬರೂ ತಂತಮ್ಮ ಗಡಿಯಾರದ ಪ್ರಕಾರ ವರ್ಷಕ್ಕೊಂದು ರೇಡಿಯೋ ಸಂಕೇತ ಕಳುಹಿಸುತ್ತಾರೆ. ಸಂಕೇತ ಬೆಳಕಿನ ವೇಗದ್ದಾದ್ದರಿಂದ ಅದರ ಗೆರೆ ಸರಿಯಾಗಿ 45 ಡಿಗ್ರಿ ಓರೆ.

ಲವನ ಒಂದೊಂದು ವರ್ಷದಿಂದ ಓರೆಗೆರೆ ಎಳೆಯುತ್ತಾ ಹೋದಾಗ ಎರಡನೆಯ ವರ್ಷದ ಗೆರೆ ಕುಶ ತಿರುಗುವ ಮೂಲೆಗೇ ಹೋಗಿ ತಾಗುತ್ತದೆ. ಅಂದರೆ ಹೋಗುವಾಗಿನ 4 ವರ್ಷಗಳಲ್ಲಿ (ಇದು ಕುಶನ ಗಡಿಯಾರದ ಲೆಕ್ಕ, ಲವನದು 5) ಕುಶನಿಗೆ ಸಿಕ್ಕಿದ್ದು 2 ಸಂಕೇತ ಮಾತ್ರ. ಮಿಕ್ಕ 8 ಸಂಕೇತಗಳು ಮರಳುವಾಗಿನ 4 ವರ್ಷಗಳಲ್ಲಿ ಸಿಗುತ್ತವೆ. ಒಟ್ಟು 10. ಈಗ ಲವನ ಕಡೆಯಿಂದ ನೋಡಿ. ಅವನಿಗೂ ಮೊದಲು ಎರಡು ವರ್ಷಕ್ಕೊಂದು ಸಂಕೇತ, ಆಮೇಲೆ ವರ್ಷಕ್ಕೆರಡು. ದರದಲ್ಲಿ ಇಬ್ಬರೂ ಸರಿಸಮಾನರು, ಸಾಪೇಕ್ಷತೆಗೆ ಎಳ್ಳಷ್ಟೂ ಭಂಗವಿಲ್ಲ. ಆದರೆ ಕುಶ ತಿರುಗಿದ ಸುದ್ದಿ ಮೂರು ಜ್ಯೋತಿರ್ವರ್ಷ ದಾಟಿ ಲವನನ್ನು ಮುಟ್ಟುವುದು ಎಂಟನೆಯ ವರ್ಷದಲ್ಲಿ. ಆ 8 ವರ್ಷಗಳಲ್ಲಿ 4 ಸಂಕೇತ, ಕೊನೆಯ 2 ವರ್ಷಗಳಲ್ಲಿ 4. ಒಟ್ಟು 8.

ಕುಶನಿಗೆ ದರ ಬದಲಾಗುವುದು ನಡುದಾರಿಯಲ್ಲೇ, ಲವನಿಗೆ ಬಹಳ ತಡವಾಗಿ. ಇಬ್ಬರ ಸ್ಥಿತಿ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

'ಹಾಗಾದರೆ ಆ ತಿರುವೇ ವಯಸ್ಸು ಕಡಿಮೆ ಮಾಡಿತೇ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಅಂಕೋಲಾದಿಂದ ಹುಬ್ಬಳ್ಳಿಗೆ ಹೊರಟ ಎರಡು ಬೈಕುಗಳನ್ನು ನೆನೆಯಲು ಹೇಳುತ್ತೇನೆ: ಒಂದು ಯಲ್ಲಾಪುರದ ಮೇಲೆ, ಇನ್ನೊಂದು ಕುಮಟಾಕ್ಕೆ ಇಳಿದು, ದೇವಿಮನೆ ಘಟ್ಟ ಹತ್ತಿ, ಶಿರಸಿಯ ಮೇಲೆ. ಕಿಲೋಮೀಟರ್ ಮೀಟರುಗಳು ಬೇರೆ ಬೇರೆ ತೋರಿಸುತ್ತವೆ. ವ್ಯತ್ಯಾಸ ಯಾವ ತಿರುವಿನಲ್ಲಿ ಹುಟ್ಟಿತೆಂದು ಯಾರೂ ಹುಡುಕುವುದಿಲ್ಲ, ಅದು ಇಡೀ ದಾರಿಯದು. ಗಡಿಯಾರವೂ ತಾನು ಸಾಗಿದ ದಾರಿಯನ್ನೇ ಅಳೆಯುತ್ತದೆ. ಒಂದೇ ಭೇದವೆಂದರೆ ಇಲ್ಲಿ ಬಳಸುದಾರಿ ಹಿಡಿದವನಿಗೆ ಕಡಿಮೆ ಸಮಯ ಬರುತ್ತದೆ.

ಇದು ಹಾಳೆಯ ಮೇಲಿನ ಲೆಕ್ಕವಷ್ಟೇ ಅಲ್ಲ. 1971ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಹಾಫೆಲೆ ಮತ್ತು ಕೀಟಿಂಗ್ ಪರಮಾಣು ಗಡಿಯಾರಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಭೂಮಿ ಸುತ್ತಿಸಿ ತಂದರು. ನೆಲದ ಗಡಿಯಾರಕ್ಕಿಂತ ಪೂರ್ವಕ್ಕೆ ಹೋದವು ಸುಮಾರು 59 ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಸೆಕೆಂಡ್) ಹಿಂದುಳಿದಿದ್ದವು, ಪಶ್ಚಿಮಕ್ಕೆ ಹೋದವು ಸುಮಾರು 273 ನ್ಯಾನೋಸೆಕೆಂಡ್ ಮುಂದಿದ್ದವು. ಭೂಮಿಯ ಆವರ್ತನೆ, ಎತ್ತರದಲ್ಲಿ ತಗ್ಗುವ ಗುರುತ್ವದ ಪರಿಣಾಮ ಎರಡನ್ನೂ ಸೇರಿಸಿ ಹಾಕಿದ ಲೆಕ್ಕಕ್ಕೆ ಅದು ಹೊಂದಿತು.

ಕೊನೆಗೆ ಒಂದು ಲೆಕ್ಕವನ್ನು ಕೇಳುಗರಿಗೇ ಬಿಡುತ್ತೇನೆ. ವೇಗ ಶೇ 80, ದೂರ 4 ಜ್ಯೋತಿರ್ವರ್ಷ. ದರ ಈಗ ಮೂರು ವರ್ಷಕ್ಕೊಂದು, ಆಮೇಲೆ ವರ್ಷಕ್ಕೆ ಮೂರು. ಕುಶನಿಗೆ 1 ಮತ್ತು 9, ಒಟ್ಟು 10. ಲವನಿಗೆ 9 ವರ್ಷಗಳಲ್ಲಿ 3, ಉಳಿದ ಒಂದೇ ವರ್ಷದಲ್ಲಿ 3. ಕುಶನ ವಯಸ್ಸಿಗೆ ಸೇರಿದ್ದು 6 ವರ್ಷ ಎಂದು ಅವರೇ ಹೇಳುತ್ತಾರೆ.