ಗುಡಿಯ ಗೋಡೆ ಮೇಲಿನ ಜೋಡಿಗಳನ್ನು ನೋಡುವುದು ಹೇಗೆ

ಮಧ್ಯಪ್ರದೇಶದ ಖಜುರಾಹೊ ಗುಡಿಗಳಿಗೆ ಹೋಗಿ ಬಂದವರಲ್ಲಿ ಸುಮಾರು ಜನ ಒಂದೇ ಮಾತು ಹೇಳುತ್ತಾರೆ: "ಅಲ್ಲಿ ಅಂಥಾ ಶಿಲ್ಪಗಳಿವೆ." ಅಷ್ಟಕ್ಕೇ ಕಣ್ಣು ನಿಂತರೆ ಬಹಳ ತಪ್ಪಿಸಿಕೊಂಡ ಹಾಗೆ. ಹೆಗಲ ಮೇಲೆ ಕೈಹಾಕಿ ಸುಮ್ನೆ ನಿಂತ ಜೋಡಿಯೂ ಅಲ್ಲಿನ ಶಿಲ್ಪವೇ ಅಲ್ವಾ? ಇಂಥ ಗಂಡು-ಹೆಣ್ಣಿನ ಜೋಡಿಗಳಿಗೆಲ್ಲ ಮಿಥುನ ಶಿಲ್ಪ ಅಂತಾರೆ.

ನಮ್ಮ ಕಲಬುರಗಿ, ಬೀದರ್ ಕಡೆಯವರು ಕಣ್ಣು ಪಳಗಿಸಿಕೊಳ್ಳಲು ಅಷ್ಟು ದೂರ ಹೋಗಬೇಕಿಲ್ಲ. ಮೊದಲು ಹುಮನಾಬಾದ್ ಹತ್ತಿರದ ಜಲಸಂಗ್ವಿಗೆ ಹೋಗಿ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ, ಗೋಡೆ ತುಂಬ ಮದನಿಕೆಯರು, ಅಂದರೆ ಚೆಲುವೆಯರ ಶಿಲ್ಪಗಳು. ಅವರಲ್ಲೊಬ್ಬಳು ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಬರೆದಿರುವುದು 1076ರಿಂದ 1126ರವರೆಗೆ ಈಗಿನ ಬಸವಕಲ್ಯಾಣದಿಂದ ಆಳಿದ ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಅವಳ ಮೈಭಾರ ಯಾವ ಕಾಲಿನ ಮೇಲಿದೆ, ಸೊಂಟ ಎತ್ತ ಬಾಗಿದೆ ನೋಡಿ. ಒಬ್ಬರ ನಿಲುವು ಓದಲು ಬಂದರೆ ಇಬ್ಬರದ್ದು ಕಷ್ಟವಲ್ಲ.

ಬೆಳಿಗ್ಗೆ ಇಲ್ಲವೇ ಸಂಜೆ ಹೋಗಿ. ಬಿಸಿಲು ಓರೆಯಾಗಿ ಬಿದ್ದರೆ ಬೆರಳು, ಸರ, ಸೀರೆಯ ನೆರಿಗೆ ಎಲ್ಲ ಎದ್ದು ಕಾಣುತ್ತವೆ.

ಯಾವ ಗುಡಿಗೆ ಹೋದರೂ ಹುಡುಕಾಟ ಬಾಗಿಲಿಂದ ಶುರುವಾಗಲಿ. ಬಾಗಿಲ ಚೌಕಟ್ಟನ್ನು ಹಕ್ಕಿ, ಕಲಶ, ಸ್ವಸ್ತಿಕ, ಬಳ್ಳಿಗಳ ಜೊತೆ ಮಿಥುನಗಳಿಂದಲೂ ಸಿಂಗರಿಸಬೇಕು ಅಂತ ಜ್ಯೋತಿಷಿ ವರಾಹಮಿಹಿರ 6ನೇ ಶತಮಾನದಲ್ಲೇ ತನ್ನ ಬೃಹತ್ಸಂಹಿತೆ ಎಂಬ ಗ್ರಂಥದಲ್ಲಿ ಹೇಳಿದ್ದಾನೆ. ಅಂದರೆ ಜೋಡಿ ಶುಭದ ಗುರುತು. ನಾಚಿಕೆಪಟ್ಟು ಮುಖ ತಿರುಗಿಸುವ ವಿಷಯವೇ ಅಲ್ಲ ಇದು. ಬಾಗಿಲಾದ ಮೇಲೆ ಕತ್ತೆತ್ತಿ ಕಂಬದ ತಲೆ ನೋಡಿ. 578ರ ಬಾದಾಮಿ ಮೂರನೇ ಗುಹೆಯಲ್ಲಿ ಮರದ ಕೆಳಗೆ ಒಬ್ಬರಿಗೊಬ್ಬರು ಒರಗಿ ನಿಂತ ಜೋಡಿಗಳು ಅಲ್ಲೇ ಇವೆ, ನೆಲ ನೋಡುತ್ತ ನಡೆದವರಿಗೆ ಸಿಗುವುದಿಲ್ಲ. ಖಜುರಾಹೊದ ಕಂದರೀಯ ಮಹಾದೇವ ಗುಡಿಯಲ್ಲಾದರೆ ಮಂಟಪವೂ ಗರ್ಭಗುಡಿಯೂ ಕೂಡುವ ಗೋಡೆಯ ಹತ್ತಿರ ನಿಲ್ಲಿ. ಎರಡು ಕಟ್ಟಡ ಬೆಸೆಯುವ ಜಾಗಕ್ಕೇ ಬೆಸೆದ ಜೋಡಿಗಳನ್ನು ಇಟ್ಟಿದ್ದಾರೆ. ನನಗೆ ಬಹಳ ಇಷ್ಟದ ಜಾಗ ಅದು. ಒಡಿಶಾದ ಕೋಣಾರ್ಕದಲ್ಲಿ ಗುಡಿಯೇ ರಥದ ಆಕಾರದಲ್ಲಿದೆ, ಅದರ ಕಲ್ಲಿನ ಗಾಲಿಯ ಅರಗಳನ್ನೂ ಬಿಡಬೇಡಿ.

ಜೋಡಿ ಸಿಕ್ಕಿತು. ದೇವರೋ, ಮನುಷ್ಯರೋ? ಕೈ ಎಣಿಸಿ. ನಾಲ್ಕು ಕೈ, ತ್ರಿಶೂಲ, ಪಕ್ಕದಲ್ಲಿ ನಂದಿ ಇದ್ದರೆ ಉಮಾಮಹೇಶ್ವರ. ಶಂಖ, ಚಕ್ರ ಕಂಡರೆ ಲಕ್ಷ್ಮೀನಾರಾಯಣ. ಎರಡೇ ಕೈ, ಆಯುಧ ಇಲ್ಲ, ವಾಹನ ಇಲ್ಲ ಅಂದರೆ ಬಹುಮಟ್ಟಿಗೆ ಮಿಥುನ.

ಇನ್ನು ನಿಧಾನವಾಗಿ ಕೈಗಳನ್ನೇ ನೋಡಿ. ಯಾರ ಕೈ ಯಾರ ಹೆಗಲ ಮೇಲಿದೆ, ಗಲ್ಲ ಎತ್ತಿ ಹಿಡಿದವರು ಯಾರು, ಅವಳು ಒರಗಿದ್ದಾಳೋ ಸ್ವಲ್ಪ ಹಿಂದೆ ಸರಿದಿದ್ದಾಳೋ. ಮುಖ ಸವೆದು ಹೋಗಿದ್ದರೂ ಕೈ ಹೇಳುತ್ತದೆ. ಕಾಲ ಬೆರಳು ಎತ್ತ ತಿರುಗಿದೆ ಅನ್ನುವುದನ್ನೂ ಗಮನಿಸಿ. ಮುಖ ಅತ್ತ ಇದ್ದು ಪಾದ ಇವನ ಕಡೆಗೇ ಇದ್ದರೆ ಅವಳ ಮುನಿಸು ಎಷ್ಟು ಹೊತ್ತಿನದು ಅಂತ ಗೊತ್ತಾಗುತ್ತದೆ.

ಅವ್ವ, ಅಪ್ಪ, ಮಕ್ಕಳ ಜೊತೆ ಹೋದರೆ ಅವಸರ ಮಾಡಿ ಮುಂದೆ ಕರೆದುಕೊಂಡು ಹೋಗಬೇಡಿ. ಮಕ್ಕಳು ಕೇಳಿದರೆ "ಪ್ರೀತಿಯಿಂದ ಇದ್ದಾರೆ" ಅಂದರೆ ಸಾಕು, ಅದು ನಿಜ ಕೂಡ.

ಮುಟ್ಟಬೇಡಿ, ಎಣ್ಣೆ, ಅರಿಶಿಣ ಹಚ್ಚಬೇಡಿ. ಫೋಟೊ ತೆಗೆಯುವಾಗ ಮೊದಲು ಇಡೀ ಗೋಡೆ, ಆಮೇಲೆ ಜೋಡಿ, ಕೊನೆಗೆ ಕೈಗಳು. ಹೀಗೆ ತೆಗೆದರೆ ಮನೆಗೆ ಬಂದ ಮೇಲೂ ಯಾವ ಜೋಡಿ ಎಲ್ಲಿತ್ತು ಅಂತ ತಿಳಿಯುತ್ತದೆ.