‘ಡಿಸೈಫರ್’ ಕ್ರಿಯಾಪದವನ್ನು ಎಲ್ಲಿ ಬಳಸಬೇಕು?

ಇಂಗ್ಲಿಷಿನ ‘ಡಿಸೈಫರ್’ ಕ್ರಿಯಾಪದವನ್ನು ‘ಅನುವಾದಿಸು’ ಎಂಬ ಅರ್ಥದಲ್ಲಿ ದಯವಿಟ್ಟು ಬಳಸಬೇಡಿ. ಯಾರಿಗೂ ಓದಲಾಗದ ಲಿಪಿಯನ್ನೋ ಗೂಢಬರಹವನ್ನೋ ಅಸ್ಪಷ್ಟ ಕೈಬರಹವನ್ನೋ ಶ್ರಮಪಟ್ಟು ಬಿಡಿಸಿ ಓದುವುದು ಅದರ ಅರ್ಥ; ಆ ಶ್ರಮದ ಛಾಯೆಯೇ ಇಲ್ಲಿ ಮುಖ್ಯವೆಂದು ನಾನು ಭಾವಿಸುತ್ತೇನೆ. ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ‘ಡಿಸೈಫರ್’ ಮಾಡಿದ್ದರಿಂದಲೇ, ಮುಂದೆ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರನ್ನು ವಿದ್ವಾಂಸರು ಓದಲು ಸಾಧ್ಯವಾಯಿತು. ಅದೇ ಶಾಸನದ ಪ್ರಾಕೃತವನ್ನು ಕನ್ನಡಕ್ಕೆ ತರುವ ಕೆಲಸವನ್ನು ‘ಟ್ರಾನ್ಸ್‌ಲೇಟ್’ ಎನ್ನಬೇಕು. ಸಿಂಧೂ ಲಿಪಿಯನ್ನು ಸರ್ವಸಮ್ಮತವಾಗಿ ಯಾರೂ ಇನ್ನೂ ಬಿಡಿಸಿಲ್ಲವಾದ್ದರಿಂದ ಅದು ‘ಅನ್‌ಡಿಸೈಫರ್ಡ್’. ವಾಕ್ಯರಚನೆಯಲ್ಲಿ ‘ಐ ಡಿಸೈಫರ್ಡ್ ದ ಲೆಟರ್’ ಎಂದು ಕರ್ಮಪದವನ್ನು ನೇರವಾಗಿ ಇಡಬೇಕೇ ಹೊರತು ನಡುವೆ ‘ಅಬೌಟ್’ ಸೇರಿಸಬಾರದು. ಉಚ್ಚರಿಸುವಾಗ ಒತ್ತು ‘ಸೈ’ ಮೇಲಿರಲಿ.